ಮೊದಲ ಎಲ್ಕ್ ಬೇಟೆ: ಮಾಂಸ ಹೊರುವ ಲೆಕ್ಕದಿಂದ ಆರಂಭಿಸಿ

ಪ್ರಶ್ನೆ: ನನ್ನ ಊರು ಸಕಲೇಶಪುರದ ಕಡೆ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಪಕ್ಕದ ಅರೋರಾದಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಅಜ್ಜನ ಕಾಲದ ಹಂದಿಬೇಟೆಯ ಕಥೆ ಕೇಳುತ್ತಾ ಬೆಳೆದರೂ ಕೋವಿ ಹಿಡಿದವನಲ್ಲ. ಇಲ್ಲಿ ಬೇಟೆಗಾರರ ಶಿಕ್ಷಣದ ತರಗತಿ ಮುಗಿಸಿದ್ದೇನೆ. ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಸೀಸನ್‌ನಲ್ಲಿ ಗೆಳೆಯನೊಬ್ಬನ ಜೊತೆ ಫ್ಲಾಟ್ ಟಾಪ್ಸ್ ಕಾಡಿಗೆ ಹೋಗಿ, ರಸ್ತೆಯಿಂದ ಮೂರು ಮೈಲಿ ಒಳಗೆ ಟೆಂಟ್ ಹಾಕಿ ಎಲ್ಕ್ ಬೇಟೆಯಾಡಬೇಕೆಂಬ ಯೋಚನೆಯಿದೆ. ನನ್ನ ಬಳಿ ಗ್ರೀನ್ ಕಾರ್ಡ್ ಇದೆ, ಗೆಳೆಯ ಎಚ್-1ಬಿ ವೀಸಾದಲ್ಲಿದ್ದಾನೆ. ತಯಾರಿ ಎಲ್ಲಿಂದ ಶುರುಮಾಡಲಿ? ಪ್ರಾಣಿ ಬಿದ್ದರೆ ಇಬ್ಬರೇ ಮಾಂಸವನ್ನು ಹೊರಗೆ ತರಬಹುದೇ? ಜಿಂಕೆಗಳಿಗೆ ಏನೋ ರೋಗವಿದೆಯಂತೆ, ಮಕ್ಕಳಿಗೆ ಕೊಡಬಹುದೇ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ.

ಉತ್ತರ: ಟೆಂಟನ್ನು ಮೂರು ಮೈಲಿ ಒಳಗೆ ಹಾಕುವ ಯೋಚನೆಯನ್ನು ಮೊದಲು ಕೈಬಿಡಿ. ಏಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ಉಳಿದ ತೀರ್ಮಾನಗಳೆಲ್ಲ ಈ ಲೆಕ್ಕದಿಂದಲೇ ಹುಟ್ಟಬೇಕು.

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಅದಕ್ಕಿಂತ ದೊಡ್ಡದು. ಬಲಿತ ಗಂಡು ಸುಮಾರು 315 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಮೂಳೆ ಬಿಡಿಸಿದ ಮೇಲೆ ಗಂಡಿನಿಂದ 80ರಿಂದ 100 ಕಿಲೋ, ಹೆಣ್ಣಿನಿಂದ 55ರಿಂದ 70 ಕಿಲೋ ಮಾಂಸ ಸಿಗುತ್ತದೆ. ಗಂಡು ಬಿದ್ದಿದೆ ಎಂದೇ ಇಟ್ಟುಕೊಳ್ಳೋಣ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಹಿಮ ಬಿದ್ದ ಇಳಿಜಾರಿನಲ್ಲಿ, ಅಭ್ಯಾಸವಿಲ್ಲದವರು ಒಂದು ಸಲಕ್ಕೆ ಸುರಕ್ಷಿತವಾಗಿ ಹೊರಬಹುದಾದದ್ದು 25 ಕಿಲೋ ಮಾಂಸ. ಚೀಲದ ತೂಕ, ನೀರು, ಅಂಗಿ, ಕೋವಿ ಇವೆಲ್ಲ ಅದರ ಮೇಲೆ ಸೇರುತ್ತವೆ. ಅಂದರೆ ಮಾಂಸಕ್ಕೆ ನಾಲ್ಕು ಹೊರೆ, ತಲಾ ಎರಡು. ತಲೆ ಮತ್ತು ಟೆಂಟಿನ ಸಾಮಾನಿಗೆ ತಲಾ ಇನ್ನೊಂದು. ಮೂರು ಸಲ ಹೊತ್ತು ಹೊರಬರಬೇಕು, ನಡುವೆ ಎರಡು ಸಲ ಬರಿ ಚೀಲದೊಂದಿಗೆ ಒಳಗೆ ಹೋಗಬೇಕು. ಮೂರು ಮೈಲಿಯ ಹಾದಿಯನ್ನು ಐದು ಬಾರಿ ಸವೆಸಿದರೆ ಒಬ್ಬೊಬ್ಬರಿಗೂ 15 ಮೈಲಿ, ಅಂದರೆ 24 ಕಿಲೋಮೀಟರ್ ಆಗುತ್ತದೆ. ಅದೂ ನಕ್ಷೆಯ ಮೇಲಿನ ದೂರ. ಬಿದ್ದ ಮರಗಳನ್ನು ದಾಟುವುದು, ಜೌಗು ನೆಲವನ್ನು ಬಳಸುವುದು ಅದರಲ್ಲಿ ಸೇರಿಲ್ಲ. ಇಬ್ಬರಿಗೆ ಇದು ಎರಡು ದಿನದ ಕೆಲಸ. ಆ ಎರಡು ದಿನ ಬಿಸಿಲು ಏರಿದರೆ ಒಳಗೆ ಉಳಿದ ಮಾಂಸ ಕೆಡುತ್ತದೆ, ಹಿಮ ಸುರಿದರೆ ನೀವೇ ಅಪಾಯಕ್ಕೆ ಸಿಲುಕುತ್ತೀರಿ.

ನಿಮ್ಮ ಅಜ್ಜನ ಕಾಲದಲ್ಲಿ ಹಂದಿ ಬಿದ್ದರೆ ಊರಿಗೆ ಊರೇ ಅಲ್ಲಿರುತ್ತಿತ್ತು. ಸೋವಿನವರು, ನಾಯಿಗಳು, ಗಳುವಿಗೆ ಕಟ್ಟಿ ಹೊರಲು ಗಟ್ಟಿಮುಟ್ಟಾದ ಹತ್ತು ಹೆಗಲು, ಸಂಜೆ ಅಂಗಳದಲ್ಲಿ ಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಆ ಕಥೆಗಳನ್ನು ಕೇಳಿ ಬೆಳೆದವರ ಮನಸ್ಸಿನಲ್ಲಿ ಈಡು ಹೊಡೆಯುವುದೇ ಬೇಟೆಯ ಮುಖ್ಯ ಭಾಗವಾಗಿ ಉಳಿದುಬಿಡುತ್ತದೆ, ಹೊರುವ ಹೆಗಲುಗಳು ಮರೆಯಾಗುತ್ತವೆ. ಇಲ್ಲಿ ಆ ಹತ್ತು ಹೆಗಲು ನೀವಿಬ್ಬರೇ.

ಆದ್ದರಿಂದ ಕಾರಿನ ಬಳಿಯೇ ಬಿಡಾರ ಹೂಡಿ. ಅಲ್ಲಿಂದ ನಕ್ಷೆಯಲ್ಲಿ ಒಂದೂವರೆ ಮೈಲಿಯ ಗೆರೆ ಎಳೆಯಿರಿ. ಅದರಾಚೆಗೆ ನೋಡಲು ಹೋಗಬಹುದು, ಗುಂಡು ಹಾರಿಸಲು ಅಲ್ಲ. ಸಾಧ್ಯವಾದಷ್ಟೂ ಕಾರಿಗಿಂತ ಎತ್ತರದ ನೆಲವನ್ನೇ ಆರಿಸಿಕೊಳ್ಳಿ, ಆಗ ಹೊರೆ ಇಳಿಜಾರಿನಲ್ಲಿ ಬರುತ್ತದೆ. ರಸ್ತೆಗಿಂತ ಕೆಳಗಿನ ಆಳ ಕಣಿವೆಯಲ್ಲಿ ಎಂಥ ಕೊಂಬಿನ ಗಂಡು ನಿಂತಿದ್ದರೂ ಹಿಂತಿರುಗಿ ಎನ್ನುವುದು ನನ್ನ ಖಚಿತ ಸಲಹೆ. ರಸ್ತೆಗೆ ಇಷ್ಟು ಹತ್ತಿರ ಎಲ್ಕ್ ಇರುತ್ತವೆಯೇ ಎಂದು ನೀವು ಕೇಳಬಹುದು. ಇರುತ್ತವೆ. ಅವು ದೂರ ಓಡುವುದಕ್ಕಿಂತ ಜನ ಕಾಲಿಡದ ಕಡೆ ಅಡಗುತ್ತವೆ: ಕಡಿದಾದ ಉತ್ತರ ಮುಖದ ಇಳಿಜಾರು, ಬಿದ್ದ ಮರಗಳಿಂದ ತುಂಬಿದ ದಟ್ಟ ಸ್ಪ್ರೂಸ್ ಕಾಡು, ಎರಡು ಜನಪ್ರಿಯ ಕಾಲುಹಾದಿಗಳ ನಡುವಿನ ಯಾರಿಗೂ ಬೇಡವಾದ ಪಟ್ಟಿ. ಮುಂಜಾನೆ ಮತ್ತು ಮುಸ್ಸಂಜೆ ಹುಲ್ಲಿನ ಬಯಲಿಗೆ ಬಂದು ಮೇಯುತ್ತವೆ, ಹೊತ್ತೇರಿದಂತೆ ಆ ನೆರಳಿಗೆ ಮರಳುತ್ತವೆ. ಎರಡನೇ ರೈಫಲ್ ಸೀಸನ್‌ನ ಹೊತ್ತಿಗೆ ಬೆದೆ ಮುಗಿದು ಬಳಲಿದ ದೊಡ್ಡ ಗಂಡುಗಳು ಹಿಂಡಿನಿಂದ ಬೇರೆಯಾಗಿ ಇಂತಹ ಮೂಲೆಗಳಲ್ಲೇ ಇರುತ್ತವೆ. ಮೇಲಿನ ನೆಲದಲ್ಲಿ ಹಿಮ ಮೊಣಕಾಲು ಮಟ್ಟಕ್ಕೆ ಬಂದರೆ ಹಿಂಡುಗಳು ಕೆಳಗಿಳಿಯತೊಡಗುತ್ತವೆ.

ನೀವು ಆರಿಸಿದ ಜಾಗ ಒಳ್ಳೆಯದು. ಕೊಲರಾಡೊದ ಅತಿ ದೊಡ್ಡ ಎಲ್ಕ್ ಹಿಂಡಾದ ವೈಟ್ ರಿವರ್ ಹಿಂಡು ಫ್ಲಾಟ್ ಟಾಪ್ಸ್ ಸುತ್ತಲಿನದೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ ಈ ರಾಜ್ಯದಲ್ಲಿ ಎಲ್ಕ್ ಅಳಿವಿನಂಚಿಗೆ ಬಂದಿದ್ದವು. ಆಗ ವ್ಯೋಮಿಂಗ್‌ನಿಂದ ತಂದು ಬಿಡಬೇಕಾಯಿತು. ಇಂದು ಅಮೆರಿಕದ ಬೇರಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್ ಇಲ್ಲಿವೆ. ಲೈಸೆನ್ಸ್ ಶುಲ್ಕ, ಕೋವಿ ಮತ್ತು ತೋಟಾಗಳ ಮೇಲಿನ, 1937ರ ಕಾಯ್ದೆಯಿಂದ ವನ್ಯಜೀವಿಗಳಿಗೆಂದೇ ಮೀಸಲಾದ ಫೆಡರಲ್ ತೆರಿಗೆ, ಬಿಗಿಯಾದ ನಿಯಮಗಳು ಇವೇ ಆ ಚೇತರಿಕೆಗೆ ಆಧಾರ. ಹಾಗಾಗಿ ಇಲ್ಲಿನ ನಿಯಮಗಳನ್ನು ಗೌರವದಿಂದ ಓದಿ. ಜೊತೆಗೆ ಫ್ಲಾಟ್ ಟಾಪ್ಸ್‌ನ ಬಹುಭಾಗ ಸಂರಕ್ಷಿತ ವೈಲ್ಡರ್‌ನೆಸ್ ಪ್ರದೇಶ ಎಂಬುದು ನೆನಪಿರಲಿ. ಅಲ್ಲಿ ಯಂತ್ರ ಮಾತ್ರವಲ್ಲ, ಚಕ್ರವೇ ನಿಷಿದ್ಧ, ಮಾಂಸ ಸಾಗಿಸುವ ಕೈಗಾಡಿಯೂ ಸಹ. ಹೆಗಲು ಇಲ್ಲವೇ ಕುದುರೆ, ಎರಡೇ ದಾರಿ.

ಕುದುರೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಹೋಗುವ ಮೊದಲೇ ಆ ಭಾಗದ ಒಬ್ಬ ನೋಂದಾಯಿತ ಔಟ್‌ಫಿಟರ್ (ಬೇಟೆಗಾರರಿಗೆ ಕುದುರೆ, ನೆರವು ಒದಗಿಸುವವರು) ಜೊತೆ ಮಾತನಾಡಿ, ಬರಿ ಮಾಂಸ ಹೊರಗೆ ತಂದುಕೊಡಲು ಎಷ್ಟು, ಎಷ್ಟು ಹೊತ್ತಿನಲ್ಲಿ ಬರಬಲ್ಲರು ಎಂದು ಕೇಳಿಟ್ಟುಕೊಳ್ಳಿ. ಕಾಲು ಉಳುಕಿದರೆ ಆ ಒಂದು ಕರೆ ಇಡೀ ಪ್ರಾಣಿಯ ಮಾಂಸವನ್ನು ಉಳಿಸುತ್ತದೆ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದೇ ತಿಳಿಯಿರಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೊಂದು ಜೊತೆಗಿರಲೇಬೇಕು.

ಇನ್ನು ಕಾನೂನು. ನಿಮ್ಮ ಗೆಳೆಯನ ವಿಷಯ ಮೊದಲು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ, ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಹೊಂದಿರುವುದು. ಲೈಸೆನ್ಸ್ ಕೈಗೆ ಬರುವ ಮೊದಲು ಅಥವಾ ಅದರ ಅವಧಿ ಮುಗಿದ ಮೇಲೆ ಅವರು ನಿಮ್ಮ ರೈಫಲ್ ಹಿಡಿದರೂ ಅಪರಾಧವಾಗಬಹುದು, ಅದರಿಂದ ವೀಸಾಕ್ಕೇ ಕುತ್ತು ಬರಬಹುದು. ಈ ವಿಷಯ ತಿಳಿದ ವಕೀಲರೊಬ್ಬರ ಸಲಹೆ ಪಡೆದ ಮೇಲೆಯೇ ಅವರು ಶೂಟಿಂಗ್ ರೇಂಜಿಗೆ ಕಾಲಿಡಲಿ. ಅವರು ಕೋವಿ ಮುಟ್ಟದೆ ಬರಿ ಜೊತೆಗಾರರಾಗಿ, ಹೊರುವವರಾಗಿ ಬಂದರೂ ಈ ಬೇಟೆಗೆ ಅಷ್ಟೇ ಉಪಯೋಗ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಈ ತೊಡಕಿಲ್ಲ.

ಕೊಲರಾಡೊದಲ್ಲಿ ಆರು ತಿಂಗಳು ಬಿಡದೆ ವಾಸವಿದ್ದವರಿಗೆ ನಿವಾಸಿ ದರದ ಲೈಸೆನ್ಸ್ ಸಿಗುತ್ತದೆ, ಹೊರರಾಜ್ಯದವರ ದರಕ್ಕಿಂತ ಅದು ಬಹಳ ಅಗ್ಗ. ಎರಡನೇ ಮತ್ತು ಮೂರನೇ ರೈಫಲ್ ಸೀಸನ್‌ಗಳಲ್ಲಿ ಅನೇಕ ಬೇಟೆ ಘಟಕಗಳಿಗೆ (ಬೇಟೆಗೆಂದು ರಾಜ್ಯ ವಿಂಗಡಿಸಿದ ಪ್ರದೇಶಗಳಿಗೆ) ಗಂಡು ಎಲ್ಕ್‌ನ ಲೈಸೆನ್ಸ್ ಲಾಟರಿಯಿಲ್ಲದೆ ಸಿಗುವ ಪದ್ಧತಿಯಿದೆ. ಆದರೆ ನಿಯಮಗಳು ಬದಲಾಗುತ್ತಿರುತ್ತವೆ. ಹೊರರಾಜ್ಯದವರ ಬಿಲ್ಲುಬೇಟೆಗೆ ಈ ಸೌಲಭ್ಯ 2025ರಿಂದ ನಿಂತುಹೋಯಿತು. ಆಯಾ ವರ್ಷದ ಕೈಪಿಡಿಯನ್ನೇ ನಂಬಿ. ಹೆಣ್ಣು ಎಲ್ಕ್‌ಗೆ ಹೆಚ್ಚಿನ ಕಡೆ ಲಾಟರಿ ಇರುತ್ತದೆ, ಅದರ ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರದಲ್ಲೇ ಮುಗಿಯುತ್ತದೆ. ನನ್ನನ್ನು ಕೇಳಿದರೆ ಮೊದಲ ಬೇಟೆಗೆ ಹೆಣ್ಣಿನ ಲೈಸೆನ್ಸೇ ಸರಿ. ಹೆಣ್ಣುಗಳ ಸಂಖ್ಯೆ ಹೆಚ್ಚು, ಮಾಂಸ ಮೃದು, ಹೊರೆಯೂ ಕಡಿಮೆ. ಜೊತೆಗೆ ಕೊಂಬಿನ ಕವಲು ಎಣಿಸುವ ಕಷ್ಟವಿಲ್ಲ. ಗಂಡಾದರೆ ಹೆಚ್ಚಿನ ಘಟಕಗಳಲ್ಲಿ ಒಂದು ಕೊಂಬಿನಲ್ಲಿ ಕನಿಷ್ಠ ನಾಲ್ಕು ಕವಲು, ಇಲ್ಲವೇ ಹುಬ್ಬಿನ ಬಳಿಯ ಕವಲು ಐದು ಅಂಗುಲ ಉದ್ದವಿರಬೇಕು.

ಕೊಲರಾಡೊ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯಲ್ಲಿ ಬೇಟೆಯ ಯೋಜನೆಗೆ ನೆರವಾಗಲೆಂದೇ ಸಿಬ್ಬಂದಿ ಇದ್ದಾರೆ. ಫೋನ್ ಮಾಡಿ, ಸಂಕೋಚ ಬೇಡ. ಹೊಸಬರ ಪ್ರಶ್ನೆಗಳಿಗೆ ಅವರು ತಾಳ್ಮೆಯಿಂದ ಉತ್ತರಿಸುತ್ತಾರೆ.

ಕೆಲವು ನಿಯಮಗಳು ಹೊಸಬರನ್ನು ಎಡವಿಸುತ್ತವೆ. ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ, ಎಲ್ಲ ದಿಕ್ಕಿನಿಂದಲೂ ಕಾಣುವ ಅದೇ ಬಣ್ಣದ ಟೋಪಿ ಕಡ್ಡಾಯ. ಎಲೆಯ ಚಿತ್ತಾರವಿರುವ ಕಿತ್ತಳೆ ನಡೆಯುವುದಿಲ್ಲ. ಖಾಸಗಿ ಜಮೀನಿಗೆ ಬೇಲಿಯಾಗಲಿ ಫಲಕವಾಗಲಿ ಇರಲೇಬೇಕೆಂದಿಲ್ಲ, ಒಪ್ಪಿಗೆಯಿಲ್ಲದೆ ಕಾಲಿಟ್ಟರೆ ತಪ್ಪು ನಿಮ್ಮದೇ. ಆದ್ದರಿಂದ ಗಡಿ ತೋರಿಸುವ ನಕ್ಷೆಯ ಆ್ಯಪ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಿಮ್ಮ ಲೈಸೆನ್ಸಿನ ಪ್ರಾಣಿಗೆ ಗೆಳೆಯ ಈಡು ಹೊಡೆಯುವಂತಿಲ್ಲ. ಊರಿನ ಬೇಟೆಯಲ್ಲಿ ಯಾರ ಗುಂಡಾದರೂ ಪಾಲು ಎಲ್ಲರದು, ಇಲ್ಲಿ ಹಾಗಲ್ಲ. ಇನ್ನೊಂದು, ಪ್ರತಿ ವರ್ಷ ಹೊಸಬರು ಎಲ್ಕ್ ಎಂದುಕೊಂಡು ಮೂಸ್ ಎಂಬ ಇನ್ನೂ ದೊಡ್ಡ ಜಿಂಕೆಗೆ ಗುಂಡು ಹಾರಿಸುತ್ತಾರೆ. ಎಲ್ಕ್‌ನ ಮೈ ತಿಳಿಗಂದು, ಕತ್ತು ಮಾತ್ರ ಗಾಢ, ಹಿಂಭಾಗದಲ್ಲಿ ಬೆಳ್ಳನೆಯ ಮಚ್ಚೆ. ಮೂಸ್ ಪೂರ್ತಿ ಕಪ್ಪುಗಂದು, ಮೂತಿ ಉದ್ದ. ದುರ್ಬೀನಿನಲ್ಲಿ ನೋಡಿ ಖಚಿತವಾಗುವವರೆಗೆ ಕೋವಿ ಎತ್ತಲೇಬಾರದು. ಕೋವಿಯ ದೂರದರ್ಶಕದಲ್ಲಿ ಪ್ರಾಣಿ ಹುಡುಕುವುದು ಇನ್ನೊಬ್ಬ ಮನುಷ್ಯನ ಮೇಲೆ ಕೋವಿ ಹಿಡಿಯುವುದಕ್ಕೆ ಸಮ.

ರೈಫಲ್‌ಗಳ ಚರ್ಚೆಗೆ ಕೊನೆಯಿಲ್ಲ, ನಾನು ಅದರಲ್ಲಿ ಹೊತ್ತು ಕಳೆಯುವುದಿಲ್ಲ. .270, .308, .30-06 ಈ ಅಳತೆಯ ತೋಟಾದ ರೈಫಲ್ ಯಾವುದಾದರೂ ಸಾಕು. ಎಲ್ಕ್‌ಗೆ ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ ಗುಂಡು ಬೇಕೆಂದು ರಾಜ್ಯದ ನಿಯಮವಿದೆ, ಇವುಗಳಲ್ಲಿ ಬಳಸುವ ಗುಂಡುಗಳು ಅದಕ್ಕಿಂತ ಬಹಳ ಭಾರ. ಬೇಸಿಗೆಯಿಡೀ ರೇಂಜಿನಲ್ಲಿ ಅಭ್ಯಾಸ ಮಾಡಿ. ಬೆಂಚಿನ ಮೇಲೆ ಕೋವಿಯಿಟ್ಟು ಹೊಡೆಯುವುದು ಕೋವಿಯ ಪರೀಕ್ಷೆ ಮಾತ್ರ. ಕುಳಿತು, ಮಂಡಿಯೂರಿ, ಏದುಸಿರಿನಲ್ಲಿ 20 ಸೆಂಟಿಮೀಟರ್ ಅಗಲದ ತಟ್ಟೆಗೆ ಎಷ್ಟು ದೂರದಿಂದ ಪ್ರತಿ ಸಲವೂ ಹೊಡೆಯಬಲ್ಲಿರೋ ಅದೇ ನಿಮ್ಮ ಮಿತಿ. ಮೊದಲ ವರ್ಷ ಅದು 200 ಗಜ ದಾಟದಿರಲಿ. ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಭುಜದ ಹಿಂದೆ, ಎದೆಯ ಅರ್ಧ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಗುರಿಯಿಡಿ, ಶ್ವಾಸಕೋಶ ಇರುವುದು ಅಲ್ಲಿ. ಬಿದ್ದಂತೆ ಕಾಣದಿದ್ದರೂ ಓಡಬೇಡಿ, ಅರ್ಧ ಗಂಟೆ ಕುಳಿತಲ್ಲೇ ಇರಿ. ಅದು ನಿಂತಿದ್ದ ಜಾಗದಲ್ಲಿ ನೊರೆ ಬೆರೆತ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ತಗುಲಿದೆ, ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಬಣ್ಣದ ಹೊಟ್ಟೆಯ ಪದಾರ್ಥ ಕಂಡರೆ ಕೆಲವು ಗಂಟೆ ಕಾದು ಜಾಡು ಹಿಡಿಯಬೇಕು, ಬೆನ್ನಟ್ಟಿದರೆ ಆ ಜೀವ ನರಳುತ್ತಾ ಮೈಲಿಗಟ್ಟಲೆ ಹೋಗುತ್ತದೆ. ಜಾಡು ಹುಡುಕುವುದನ್ನು ಅರ್ಧಕ್ಕೆ ಬಿಡುವುದು ಬೇಟೆಗಾರನಿಗೆ ತಕ್ಕದ್ದಲ್ಲ.

ದೇಹದ ತಯಾರಿಗೆ ನಿಮ್ಮ ಮನೆಯ ಅಡುಗೆಕೋಣೆಯೇ ಸಾಕು. ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲವನ್ನು ಜೂನ್‌ನಲ್ಲಿ ಬೆನ್ನುಚೀಲಕ್ಕೆ ಹಾಕಿ ಗುಡ್ಡ ಹತ್ತಿ. ಆಗಸ್ಟ್ ಹೊತ್ತಿಗೆ ಎರಡು ಚೀಲ, ಸೆಪ್ಟೆಂಬರ್‌ನಲ್ಲಿ ಎರಡೂವರೆ. ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿ, ಮಂಡಿಗಳು ಸೋಲುವುದು ಇಳಿಯುವಾಗ. ಲೋಹದ ಅಥವಾ ಕಾರ್ಬನ್ ಚೌಕಟ್ಟು ಇರುವ, ಭಾರವನ್ನು ಸೊಂಟಕ್ಕೆ ಇಳಿಸುವ ಚೀಲವನ್ನೇ ಕೊಳ್ಳಿ. ಹಣ ಎಲ್ಲಾದರೂ ಹೆಚ್ಚು ಸುರಿಯಬೇಕಿದ್ದರೆ ಅದು ಈ ಚೀಲಕ್ಕೆ ಮತ್ತು ಬೂಟಿಗೆ. ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ, ನೀವು ಹೋಗುವುದು 2,700ರಿಂದ 3,300 ಮೀಟರಿಗೆ. ಎರಡು ದಿನ ಮೊದಲೇ ಹೋಗಿ ಮಲಗಿ ಏಳಿ. ಹತ್ತಿ ಬಟ್ಟೆ ಬೇಡ, ನೆಂದರೆ ಅದು ಒಣಗುವುದಿಲ್ಲ. ಕಾರಿನಲ್ಲಿ ಟೈರಿನ ಸರಪಳಿ ಇರಲಿ.

ಈಗ ಪ್ರಾಣಿ ಬಿದ್ದ ಮೇಲಿನ ಕೆಲಸ. ಸಾಮಾನು ಹೆಚ್ಚೇನಿಲ್ಲ: ಹರಿತವಾದ ಎರಡು ಚಾಕು, ಗಾಳಿಯಾಡುವ ಬಟ್ಟೆಯ ಆರು ಮಾಂಸದ ಚೀಲ, ಹಗ್ಗ, ರಬ್ಬರ್ ಕೈಗವಸು, ಹಾಸಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ತಲೆಗೆ ಕಟ್ಟುವ ಟಾರ್ಚು ಮತ್ತು ಬದಲಿ ಬ್ಯಾಟರಿ, ರಕ್ತ ನಿಲ್ಲಿಸುವ ಪಟ್ಟಿ. ಕೊನೆಯದನ್ನು ಮರೆಯಬೇಡಿ, ಕತ್ತಲಲ್ಲಿ ತಣ್ಣಗಾದ ಬೆರಳುಗಳಿಂದ ಚಾಕು ಹಿಡಿದಾಗಲೇ ಗಾಯವಾಗುವುದು. ಮೊದಲು ಲೈಸೆನ್ಸಿನ ಟ್ಯಾಗಿಗೆ ಸಹಿ ಹಾಕಿ ದಿನಾಂಕ ಬರೆಯಿರಿ. ಗೆಳೆಯನ ಬಳಿಯೂ ಲೈಸೆನ್ಸ್ ಇದ್ದರೆ ಅವರ ಕೋವಿಯ ತೋಟಾ ಅಲ್ಲೇ ತೆಗೆಯಿರಿ. ಹಿಂಡಿನ ಉಳಿದವು ಎದುರಿಗೇ ಗೊಂದಲದಿಂದ ನಿಂತಿರಬಹುದು, ಆಸೆಯಾಗುತ್ತದೆ. ಇಬ್ಬರು ಹೊರಬೇಕಾದಾಗ ಎರಡನೇ ಪ್ರಾಣಿ ಎಂದರೆ ಅರ್ಧ ಮಾಂಸ ಕಾಡಿನಲ್ಲಿ ಕೊಳೆತಂತೆಯೇ.

ಎಲ್ಕ್‌ನ ದಪ್ಪ ಕೂದಲಿನ ಚರ್ಮ ಕಂಬಳಿಯಂತೆ ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ. ಹೊರಗೆ ಹಿಮವಿದ್ದರೂ ತೊಡೆಯ ಮೂಳೆಯ ಸುತ್ತ ಮಾಂಸ ಒಳಗಿನಿಂದಲೇ ಹುಳಿಯಾಗುವುದು ಇದರಿಂದ. ಹೊಟ್ಟೆ ಬಗೆಯದೆ ಮಾಂಸ ಬಿಡಿಸುವ ಕ್ರಮ ಇಬ್ಬರಿಗೆ ಸುಲಭ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಬೆನ್ನೆಲುಬಿನ ಗುಂಟ ತಲೆಯ ಹಿಂಭಾಗದಿಂದ ಬಾಲದವರೆಗೆ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಸುಲಿಯುತ್ತಾ ಬನ್ನಿ. ಚಾಕುವಿನ ಅಲಗು ಮೇಲ್ಮುಖವಾಗಿ ಒಳಗಿನಿಂದ ಹೊರಕ್ಕೆ ಸೀಳಿದರೆ ಕೂದಲು ಮಾಂಸಕ್ಕೆ ಅಂಟುವುದಿಲ್ಲ. ಮುಂಗಾಲನ್ನು ಮೈಗೆ ಸೇರಿಸುವ ಎಲುಬಿನ ಕೀಲಿಲ್ಲ, ಗೆಳೆಯ ಎತ್ತಿ ಹಿಡಿದರೆ ಕೆಳಗಿನ ಸ್ನಾಯು ಕೊಯ್ದಂತೆ ಕಳಚಿಬರುತ್ತದೆ. ಹಿಂಗಾಲಿಗೆ ಸೊಂಟದ ದುಂಡನೆಯ ಕೀಲನ್ನು ಹುಡುಕಿ ಅಲ್ಲೇ ಬಿಡಿಸಬೇಕು. ಗಂಡಾದರೆ ವೃಷಣ, ಹೆಣ್ಣಾದರೆ ಕೆಚ್ಚಲು ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡಿರುವಂತೆ ಬಿಡಿ, ಲಿಂಗದ ಗುರುತು ಇರಲೇಬೇಕೆಂಬುದು ಕಾನೂನು. ಬಳಿಕ ಬೆನ್ನೆಲುಬಿನ ಪಕ್ಕದ ಉದ್ದನೆಯ ಮಾಂಸ, ಕತ್ತು, ಪಕ್ಕೆಯ ಮೇಲಿನದು. ಮಗ್ಗುಲು ಬದಲಿಸಿ ಮತ್ತೆ ಅದೇ ಕೆಲಸ. ಬೆನ್ನಿನ ಒಳಬದಿಯ ಅತ್ಯಂತ ಮೃದುವಾದ ಎರಡು ತುಂಡುಗಳನ್ನು ಕೊನೆಗೆ, ಕಡೆಯ ಪಕ್ಕೆಲುಬಿನ ಹಿಂದೆ ಸಣ್ಣದಾಗಿ ಸೀಳಿ, ಹೊಟ್ಟೆಯನ್ನು ಒಬ್ಬರು ಒಳಕ್ಕೆ ಒತ್ತಿ ಹಿಡಿದು, ಕೈಹಾಕಿ ಬಿಡಿಸಬೇಕು. ನಾಲ್ಕು ಕಾಲು, ಬೆನ್ನಿನ ಹೊರಮಾಂಸ, ಒಳಮಾಂಸ ಇವನ್ನು ಬಿಟ್ಟು ಬರುವುದು ಇಲ್ಲಿ ಅಪರಾಧ. ಕತ್ತು ಮತ್ತು ಪಕ್ಕೆಯನ್ನೂ ಬಿಡಬೇಡಿ, ಖೀಮಾಕ್ಕೆ ಅವೇ ಚೆನ್ನ.

ಮೂಳೆಯನ್ನು ಅಲ್ಲೇ ಬಿಡಿಸಬೇಕೆ? ಅರ್ಧ ಮೈಲಿಯಾದರೆ ಬೇಡ, ಮೂಳೆಯಿದ್ದರೆ ಮಾಂಸ ಸ್ವಚ್ಛವಾಗಿ, ಆಕಾರ ಕೆಡದೆ ಇರುತ್ತದೆ. ಆದರೆ ಗಂಡಿನ ಒಂದು ಹಿಂತೊಡೆ ಮೂಳೆ ಸಮೇತ 25ರಿಂದ 30 ಕಿಲೋ ತೂಗುತ್ತದೆ. ನಿಮ್ಮ ಒಂದೂವರೆ ಮೈಲಿಗೆ ಬಿಡಿಸುವುದೇ ಮೇಲು. ಬಿಡಿಸಿದ ಮಾಂಸವನ್ನು ಒಂದೇ ಚೀಲಕ್ಕೆ ತುರುಕಬೇಡಿ, ನಡುವಿನದು ಆರುವುದಿಲ್ಲ. ಚೀಲಗಳನ್ನು ಕಳೇಬರದಿಂದ ನೂರು ಗಜವಾದರೂ ದೂರ ಒಯ್ದು, ನೆರಳಿನಲ್ಲಿ ಕೊಂಬೆಗೆ ತೂಗುಹಾಕಿ. ಕರಡಿ ಬರುವುದು ಮೊದಲು ಕರುಳಿನ ವಾಸನೆಗೆ. ಹದ್ದು, ಕಾಗೆ, ಮ್ಯಾಗ್‌ಪೈಗಳೂ ಬರುತ್ತವೆ. ಗಾಳಿಯಾಡಿದರೆ ಮಾಂಸದ ಮೇಲೆ ಒಣ ಪೊರೆ ಕಟ್ಟುತ್ತದೆ, ಅದು ಒಳ್ಳೆಯ ಲಕ್ಷಣ. ಕಸದ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಎಂದಿಗೂ ಕಟ್ಟಬೇಡಿ.

ಮೊದಲ ಹೊರೆಯಲ್ಲಿ ಹಿಂತೊಡೆಯ ಮಾಂಸ ಬರಲಿ, ಆಗ ನಿಮ್ಮಲ್ಲಿ ಬಲವಿರುತ್ತದೆ. ಹಿಂತಿರುಗುವ ಪ್ರತಿ ಸಲವೂ ದೂರದಿಂದಲೇ ಗಟ್ಟಿಯಾಗಿ ಮಾತನಾಡುತ್ತಾ, ಚೀಲ ತೂಗುಹಾಕಿದ ಮರವನ್ನು ದುರ್ಬೀನಿನಲ್ಲಿ ನೋಡಿಯೇ ಹತ್ತಿರ ಹೋಗಿ. ಕೊಂಬಿನ ತಲೆ ಹೊರುವಾಗ ಅದಕ್ಕೆ ಕಿತ್ತಳೆ ಬಟ್ಟೆ ಸುತ್ತಿ. ಕಾರಿನಲ್ಲಿ ದೊಡ್ಡ ಐಸ್ ಪೆಟ್ಟಿಗೆಗಳಿರಲಿ. ಮನೆಯಲ್ಲೇ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಬಳಸಿದರೆ ಕರಗಿದ ನೀರಿನಲ್ಲಿ ಮಾಂಸ ನೆನೆಯುವುದಿಲ್ಲ. ಮನೆಗೆ ಸುಮಾರು 170 ಲೀಟರಿನ ಫ್ರೀಜರ್ ಬೇಕಾಗುತ್ತದೆ, ಬೇಟೆಗೆ ಮೊದಲೇ ಕೊಳ್ಳಿ. ಅಡುಗೆಯ ಬಗ್ಗೆ ಒಂದೇ ಮಾತು: ಎಲ್ಕ್‌ನ ಕೊಬ್ಬನ್ನು ಪೂರ್ತಿ ಕೊಯ್ದು ತೆಗೆಯಿರಿ, ಅದು ಬಾಯಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಕಾಲಿನ ಮಾಂಸ ಮೆಣಸಿನ ಸಾರಿಗೆ ಬಹಳ ರುಚಿ. ಹೆಚ್ಚಾಯಿತೆಂದು ಯಾರಿಗೂ ಮಾರುವಂತಿಲ್ಲ.

ನಿಮ್ಮ ಮನೆಯವರ ಪ್ರಶ್ನೆ ಸರಿಯಾದದ್ದು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಈ ರೋಗ ಮೊದಲು ಕಂಡದ್ದು ಕೊಲರಾಡೊದಲ್ಲೇ, 1967ರಲ್ಲಿ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಆವರಣವೊಂದರ ಜಿಂಕೆಗಳಲ್ಲಿ. ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಇದಕ್ಕೆ ಕಾರಣ. ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಅದು ನಾಶವಾಗುವುದಿಲ್ಲ. ಮನುಷ್ಯರಿಗೆ ಹರಡಿದ ದೃಢಪಟ್ಟ ಪ್ರಕರಣವಿಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ, ಅದನ್ನು ಪಾಲಿಸಿ. ಪ್ರಾಣಿ ನೋಡಲು ಆರೋಗ್ಯವಾಗಿದ್ದರೂ ಸೋಂಕಿರಬಹುದು. ಮಾಂಸ ಬಿಡಿಸುವಾಗ ಮೆದುಳು, ಬೆನ್ನುಹುರಿ, ಕಣ್ಣು, ಗುಲ್ಮ, ದುಗ್ಧರಸ ಗ್ರಂಥಿಗಳಿಗೆ ಚಾಕು ತಗುಲಿಸಬೇಡಿ. ಬೆನ್ನೆಲುಬನ್ನು ಗರಗಸದಿಂದ ಕೊಯ್ಯುವ ಅಗತ್ಯ ಮೇಲೆ ಹೇಳಿದ ಕ್ರಮದಲ್ಲಿ ಬರುವುದೇ ಇಲ್ಲ. ತಲೆಯನ್ನು ಇಲಾಖೆಯ ಕಚೇರಿಗೆ ಪರೀಕ್ಷೆಗೆ ಕೊಡಿ. ಕೆಲವು ಘಟಕಗಳಲ್ಲಿ ಕೆಲವು ವರ್ಷ ಇದು ಕಡ್ಡಾಯ, ಉಳಿದ ಕಡೆ ಐಚ್ಛಿಕ. ಮಕ್ಕಳಿರುವ ಮನೆಯಲ್ಲಿ ಐಚ್ಛಿಕವೆಂದು ಬಿಡಬೇಡಿ. ಮಾಂಸವನ್ನು ಪಟ್ಟಣದ ಕಸಾಯಿ ಅಂಗಡಿಗೆ ಕೊಟ್ಟರೆ, ನಿಮ್ಮ ಪ್ರಾಣಿಯನ್ನು ಬೇರೆಯದರೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕತ್ತರಿಸಿಕೊಡಲು ಹೇಳಿ. ಪ್ರತಿ ಪೊಟ್ಟಣದ ಮೇಲೂ ದಿನಾಂಕ ಮತ್ತು ಪರೀಕ್ಷೆಯ ಚೀಟಿಯ ಸಂಖ್ಯೆ ಬರೆಯಿಸಿ. ಫಲಿತಾಂಶ ಬರುವವರೆಗೆ ಮನೆಯಲ್ಲಾಗಲಿ ಗೆಳೆಯನಲ್ಲಾಗಲಿ ಒಂದು ತುಂಡೂ ಒಲೆಗೆ ಏರದಿರಲಿ.